ಎಳೆಯ ಮೈಗೆ ಎಣ್ಣೆಯೊಂದೇ ಸಾಲದು

ಕ್ರೀಡೆಯಲ್ಲಿ ತೊಡಗಿರುವ ಮಕ್ಕಳ ಮೈಕೈ ನೋವಿಗೆ ಹೊಸ ಹೆಸರಿನ ಚಿಕಿತ್ಸೆಯೊಂದು ನಮ್ಮ ಮಧ್ಯಮ ಗಾತ್ರದ ನಗರಗಳಿಗೂ ಕಾಲಿಟ್ಟಿದೆ. ಅದನ್ನು 'ಮಯೋಫೇಶಿಯಲ್ ರಿಲೀಸ್' ಎನ್ನುತ್ತಾರೆ. ಸ್ನಾಯುಗಳನ್ನು ಸುತ್ತುವರಿದಿರುವ ಫೇಶಿಯಾ ಎಂಬ ತೆಳುವಾದ, ಆದರೆ ಬಲವಾದ ಹೊದಿಕೆಯ ಮೇಲೆ ಕೈಯಿಂದಲೋ, ಫೋಮ್ ರೋಲರ್ ಎಂಬ ಉರುಳೆಯಿಂದಲೋ ನಿಧಾನವಾಗಿ ಒತ್ತಡ ಹಾಕಿ ಬಿಗಿತವನ್ನು ಸಡಿಲಿಸುವುದು ಇದರ ತಿರುಳು. ಇದನ್ನು ಮಾರುವವರು ಎರಡು ಭರವಸೆಗಳನ್ನು ಕೊಡುತ್ತಾರೆ. ಒಂದು, ಮಗುವಿನ ಆಟ ಸುಧಾರಿಸುತ್ತದೆ. ಎರಡು, ಗಾಯಗಳು ತಪ್ಪುತ್ತವೆ. ಮಗನನ್ನು ಕ್ರಿಕೆಟ್ ಶಿಬಿರಕ್ಕೋ ಮಗಳನ್ನು ಅಥ್ಲೆಟಿಕ್ಸ್ ತರಬೇತಿಗೋ ಕಳುಹಿಸುವ ತಂದೆತಾಯಿಗಳಿಗೆ ಇವೆರಡಕ್ಕಿಂತ ಹೆಚ್ಚಿನ ಆಕರ್ಷಣೆ ಬೇಕಿಲ್ಲ. ಆದ್ದರಿಂದ ಈ ಭರವಸೆಗಳಲ್ಲಿ ಎಷ್ಟು ನಿಜ ಎಂಬುದನ್ನು ಶಾಂತವಾಗಿ ಪರಿಶೀಲಿಸಬೇಕಾಗಿದೆ. ಅದಕ್ಕೂ ಮುಖ್ಯವಾಗಿ, ಮಕ್ಕಳ ಮೈಯನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ.

ಮೈ ತಿಕ್ಕುವ ವಿದ್ಯೆ ದಾವಣಗೆರೆಗೆ ಹೊಸತಲ್ಲ. ಹತ್ತಿ ಗಿರಣಿಗಳ ಕಾಲದಿಂದಲೂ ಇದು ಕುಸ್ತಿಯ ಊರು. ಎರಡು ವರ್ಷಗಳಿಗೊಮ್ಮೆ ನಡೆಯುವ ನಗರದೇವತೆ ದುಗ್ಗಮ್ಮನ ಜಾತ್ರೆಯಲ್ಲಿ ಬಯಲು ಕುಸ್ತಿಗೆ ಸೇರುವ ಜನಸ್ತೋಮವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಜ್ಯ ಕ್ರೀಡಾ ಇಲಾಖೆಯ ಇಲ್ಲಿನ ಕ್ರೀಡಾ ವಸತಿ ನಿಲಯವೂ ಕುಸ್ತಿಪಟುಗಳಿಗೆ ಹೆಸರಾಗಿದೆ. ಗರಡಿ ಮನೆಯಲ್ಲಿ ಸಾಮು ಮುಗಿದ ಮೇಲೆ ಹಿರಿಯ ಪೈಲ್ವಾನರು ಕಿರಿಯರ ಭುಜ, ತೊಡೆ, ಮೀನಖಂಡಗಳಿಗೆ ಎಣ್ಣೆ ಹಾಕಿ ಮಾಲೀಶು ಮಾಡುವುದು ಅಲ್ಲಿನ ಶಿಸ್ತಿನ ಭಾಗವೇ ಆಗಿತ್ತು. ಇನ್ನೂ ಹಿಂದೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವಿಚಾರಕ್ಕೇ ಒಂದು ಅಧ್ಯಾಯ ಮೀಸಲಾಗಿದೆ. ಮಲ್ಲರನ್ನು ವಯಸ್ಸು ಮತ್ತು ಬಲಕ್ಕೆ ತಕ್ಕಂತೆ ವಿಂಗಡಿಸಿ, ಅವರ ಆಹಾರ, ವ್ಯಾಯಾಮಗಳನ್ನು ಅಲ್ಲಿ ನಿರೂಪಿಸಲಾಗಿದೆ. ಗಮನಿಸಬೇಕಾದದ್ದು ಈ ವಿಂಗಡಣೆಯನ್ನು. ಎಳೆಯನಿಗೂ ಬೆಳೆದವನಿಗೂ ಒಂದೇ ಅಳತೆಯ ಸಾಮು ಸಲ್ಲದೆಂಬ ತಿಳಿವಳಿಕೆ ಈ ನೆಲದಲ್ಲಿ ಎಂಟುನೂರು ವರ್ಷಗಳಿಗಿಂತ ಹಳೆಯದು.

ಆಧುನಿಕ ವೈದ್ಯಶಾಸ್ತ್ರದಲ್ಲಿ ಈ ಚಿಕಿತ್ಸೆಗೆ ಅಡಿಪಾಯ ಒದಗಿಸಿದವರಲ್ಲಿ ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಮುಖ್ಯರು. ಅಧ್ಯಕ್ಷ ಜಾನ್ ಕೆನಡಿಯವರ ವೈದ್ಯೆಯಾಗಿದ್ದ ಇವರು ಡೇವಿಡ್ ಸೈಮನ್ಸ್ ಜೊತೆಗೂಡಿ ಸ್ನಾಯುನೋವಿನ ಬಿಂದುಗಳನ್ನು ಕುರಿತ ಬೃಹತ್ ಕೈಪಿಡಿಯನ್ನು 1983ರಲ್ಲಿ ಪ್ರಕಟಿಸಿದರು. ಆನಂತರ ಈ ವಿದ್ಯೆ ಆಸ್ಪತ್ರೆಯಿಂದ ವ್ಯಾಯಾಮಶಾಲೆಗೆ, ಅಲ್ಲಿಂದ ಅಂಗಡಿಗೆ ಇಳಿಯಿತು. ಇಂದು ಫೋಮ್ ರೋಲರ್ ಕೆಲವು ನೂರು ರೂಪಾಯಿಗಳಿಗೆ ಸಿಗುತ್ತದೆ. ಬ್ಯಾಟರಿಯಿಂದ ಕಂಪಿಸುವ 'ಮಸಾಜ್ ಗನ್'ಗೆ ಬೆಲೆ ಇನ್ನಷ್ಟು ಹೆಚ್ಚು.

ಇದರ ಫಲವೇನು? 2019ರಲ್ಲಿ ಫೋಮ್ ರೋಲರ್ ಬಳಕೆಯನ್ನು ಕುರಿತ 21 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಶ್ಲೇಷಣೆಯೊಂದು ಪ್ರಕಟವಾಯಿತು. ವ್ಯಾಯಾಮಕ್ಕೆ ಮೊದಲು ರೋಲರ್ ಬಳಸಿದಾಗ ಓಟದ ವೇಗದಲ್ಲಿ ಸರಾಸರಿ ಶೇ 0.7ರಷ್ಟು, ಮೈ ಬಾಗುವಿಕೆಯಲ್ಲಿ ಶೇ 4ರಷ್ಟು ಸುಧಾರಣೆ ಕಂಡುಬಂದಿತು. ವ್ಯಾಯಾಮದ ನಂತರ ಬಳಸಿದಾಗ ನೋವಿನ ಅನುಭವ ಸುಮಾರು ಶೇ 6ರಷ್ಟು ತಗ್ಗಿತು. ಜಿಗಿತ ಮತ್ತು ಬಲದ ಮೇಲೆ ಆದ ಪರಿಣಾಮ ಲೆಕ್ಕಕ್ಕೆ ಹಿಡಿಯುವಂಥದ್ದಾಗಿರಲಿಲ್ಲ. ಅಂದರೆ ಲಾಭವಿದೆ, ಆದರೆ ಅದು ಸಣ್ಣದು. ಗಟ್ಟಿಯಾದ ಹೊದಿಕೆಯನ್ನು ಒತ್ತಿ ಸಡಿಲಗೊಳಿಸುತ್ತೇವೆ ಎಂಬ ವಿವರಣೆಯೂ ಸಂದೇಹಕ್ಕೆ ಒಳಗಾಗಿದೆ. ತೊಡೆಯ ಪಕ್ಕದ ಮತ್ತು ಅಂಗಾಲಿನ ಫೇಶಿಯಾವನ್ನು ಶೇ 1ರಷ್ಟು ಕುಗ್ಗಿಸಬೇಕಾದರೂ ಮನುಷ್ಯನ ಕೈ ಸಾಮಾನ್ಯವಾಗಿ ಹಾಕಬಲ್ಲ ಬಲಕ್ಕಿಂತ ಬಹಳ ಹೆಚ್ಚಿನ ಬಲ ಬೇಕೆಂದು 2008ರಲ್ಲಿ ಪ್ರಕಟವಾದ ಗಣಿತೀಯ ಮಾದರಿಯೊಂದು ತೋರಿಸಿತು. ಒತ್ತಿದಾಗ ಸಿಗುವ ಹಿತಕ್ಕೆ ಹೊದಿಕೆ ಕರಗುವುದಕ್ಕಿಂತ ಹೆಚ್ಚಾಗಿ, ನರವ್ಯೂಹ ನೋವನ್ನು ಗ್ರಹಿಸುವ ರೀತಿ ಬದಲಾಗುವುದೇ ಕಾರಣವಿರಬೇಕೆಂಬುದು ಈಗ ಹೆಚ್ಚು ಒಪ್ಪಿತವಾದ ಅಭಿಪ್ರಾಯ. ಹಿತ ಹಿತವೇ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಹಿತವನ್ನು ರಕ್ಷಣೆ ಎಂದು ತಿಳಿಯುವುದು ಅಪಾಯಕ್ಕೆ ದಾರಿ.

ಗಾಯಗಳನ್ನು ನಿಜವಾಗಿ ತಡೆಯುವುದು ಯಾವುದು ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇರೆಡೆ ಇದೆ. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಇದರಲ್ಲಿ ಭಾಗವಹಿಸಿದ್ದು 125 ಕ್ಲಬ್‌ಗಳು. ಅರ್ಧದಷ್ಟು ಕ್ಲಬ್‌ಗಳ ಹುಡುಗಿಯರು ಅಭ್ಯಾಸಕ್ಕೆ ಮೊದಲು ಸುಮಾರು 20 ನಿಮಿಷ ನಿಧಾನ ಓಟ, ಕಾಲು ಮತ್ತು ಸೊಂಟದ ಬಲವರ್ಧನೆ, ಒಂಟಿಕಾಲಿನ ಸಮತೋಲನ, ಸರಿಯಾಗಿ ಜಿಗಿದು ಇಳಿಯುವ ಕ್ರಮ ಇವನ್ನು ಮಾಡಿದರು. ಉಳಿದವರು ತಮ್ಮ ಎಂದಿನ ಅಭ್ಯಾಸವನ್ನೇ ಮುಂದುವರಿಸಿದರು. ಕಾಲಿನ ಗಾಯಗಳನ್ನಷ್ಟೇ ಪ್ರತ್ಯೇಕವಾಗಿ ತೆಗೆದುಕೊಂಡರೆ ಇಳಿಕೆ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಆದರೆ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು, ತೀವ್ರ ಗಾಯಗಳು ಅರ್ಧದಷ್ಟು ಎನ್ನುವ ಮಟ್ಟಿಗೆ ಕಡಿಮೆಯಾದವು. 26 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ 25 ಪ್ರಯೋಗಗಳನ್ನು ತೂಗಿದ 2014ರ ವಿಶ್ಲೇಷಣೆಯಲ್ಲಿಯೂ ಬಲವರ್ಧಕ ವ್ಯಾಯಾಮವೇ ಮುಂದಿತ್ತು. ಬರಿಯ ಮೈ ಹಿಗ್ಗಿಸುವಿಕೆಯಿಂದ ರಕ್ಷಣೆ ಕಾಣಲಿಲ್ಲ. ದಿನಕ್ಕೆ ಎಂಟು ಗಂಟೆಗಿಂತ ಕಡಿಮೆ ನಿದ್ರಿಸುವ ಹರೆಯದ ಕ್ರೀಡಾಪಟುಗಳು ಗಾಯಗೊಳ್ಳುವ ಸಾಧ್ಯತೆ ಇತರರಿಗಿಂತ 1.7 ಪಟ್ಟು ಹೆಚ್ಚು ಎಂದು ಅದೇ ವರ್ಷದ ಅಮೆರಿಕದ ಇನ್ನೊಂದು ಅಧ್ಯಯನ ಹೇಳಿತು. ಬಲ, ಸಮತೋಲನ, ನಿದ್ರೆ, ಮಿತಿ: ಇವುಗಳಲ್ಲಿ ಒಂದಾದರೂ ಅಂಗಡಿಯಲ್ಲಿ ದೊರೆಯುವ ಸರಕಲ್ಲ. ಜಾಹೀರಾತು ಇವನ್ನು ಹೊಗಳದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಈ ಮಾತನ್ನು ಹರಿಹರದ ಹಳೆಯ ಕಾರ್ಮಿಕರಿಗೆ ಹೇಳಿದರೆ ಅವರು ಕೂಡಲೇ ಒಪ್ಪಿಯಾರು. 1941ರಲ್ಲಿ ತುಂಗಭದ್ರೆಯ ದಡದ ಆ ಊರಿನಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚುವವರೆಗೆ, ಲೇತ್ ಯಂತ್ರಗಳಿಗೆ ದೇಶದಲ್ಲೇ ಹೆಸರು ಮಾಡಿತ್ತು. ಲೇತ್ ಯಂತ್ರಕ್ಕೆ ಎಣ್ಣೆ ಬೇಕು. ಆದರೆ ಅದರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೇರಿ, ಬಿಡುವಿಲ್ಲದೆ ಓಡಿಸಿ, ಆಮೇಲೆ ಎಷ್ಟು ಎಣ್ಣೆ ಸುರಿದರೂ ಬೇರಿಂಗ್ ಉಳಿಯುವುದಿಲ್ಲ. ಯಂತ್ರ ಎಷ್ಟು ಗಂಟೆ ಓಡಿತು, ಯಾವಾಗ ನಿಂತಿತು, ಏಕೆ ನಿಂತಿತು ಎಂದು ಬರೆದಿಡುವುದು ಯಾವುದೇ ಒಳ್ಳೆಯ ಕಾರ್ಖಾನೆಯ ಮೊದಲ ನಿಯಮ. ನಮ್ಮ ಬಹುಪಾಲು ಶಾಲೆ, ಶಿಬಿರಗಳಲ್ಲಿ ಮಕ್ಕಳ ಮೈಗೆ ಇಂಥ ಒಂದು ದಾಖಲೆಪುಸ್ತಕವೂ ಇರುವುದಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳು ಒಂದರ ಹಿಂದೆ ಒಂದು ಬರುವ ತಿಂಗಳುಗಳಲ್ಲಿ ಓಟದಲ್ಲಿ ಗೆದ್ದ ಹುಡುಗಿಯೇ ಉದ್ದಜಿಗಿತಕ್ಕೂ, ರಿಲೇಗೂ, ಕೊಕ್ಕೊ ತಂಡಕ್ಕೂ ಬೇಕಾಗುತ್ತಾಳೆ. ಅವಳ ಕಾಲು ನೋಯತೊಡಗಿದ್ದು ಯಾವಾಗ ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ.

ಮಗುವಿನ ಮೈ ದೊಡ್ಡವರ ಮೈಯ ಚಿಕ್ಕ ಪ್ರತಿ ಅಲ್ಲ. ಬೆಳೆಯುವ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಪದರಗಳಿರುತ್ತವೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಹರೆಯ ಮುಗಿಯುವವರೆಗೆ ಅವು ಗಟ್ಟಿಯಾಗುವುದಿಲ್ಲ. ಆದ್ದರಿಂದ ದೊಡ್ಡವರಲ್ಲಿ ಸ್ನಾಯು ಎಳೆದಂತೆ ಕಾಣುವ ನೋವು ಮಕ್ಕಳಲ್ಲಿ ಮೂಳೆಯ ಬೆಳವಣಿಗೆಯ ಭಾಗಕ್ಕೆ ಆದ ಪೆಟ್ಟಾಗಿರಬಹುದು. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವುದು, ಹಿಮ್ಮಡಿ ನೋಯುವುದು ಇವೆಲ್ಲ ಹೊರೆ ಇಳಿಸಬೇಕೆಂಬ ಸೂಚನೆಗಳು. ವೇಗದ ಬೌಲಿಂಗ್ ಮಾಡುವ ಹುಡುಗರಲ್ಲಿ ಸೊಂಟನೋವು ಬೆನ್ನೆಲುಬಿನ ಕೂದಲೆಳೆಯ ಬಿರುಕಿನ ಲಕ್ಷಣವಾಗಿರಬಹುದು. ಅದನ್ನು ಉರುಳೆಯ ಮೇಲೆ ಹೊರಳಾಡಿ ಕಳೆಯಲು ಹೋದರೆ ತಪ್ಪುವುದು ನೋವಲ್ಲ, ಸಕಾಲದ ಚಿಕಿತ್ಸೆ.

ನಮ್ಮ ಕಡೆಯ ಇನ್ನೊಂದು ರೂಢಿಯ ಬಗ್ಗೆಯೂ ಎಚ್ಚರಿಕೆ ಅಗತ್ಯ. ಮಗು ಬಿದ್ದು ಮೊಣಕೈಗೆ ಪೆಟ್ಟಾದರೆ, ತೊಡೆಗೆ ಬಲವಾದ ಏಟು ಬಿದ್ದರೆ, ಎಣ್ಣೆ ಹಾಕಿ ಚೆನ್ನಾಗಿ ಉಜ್ಜುವುದು ವಾಡಿಕೆ. ಹಾಗೆ ಉಜ್ಜಿದಾಗ ಒಳಗೆ ರಕ್ತಸ್ರಾವ ಹೆಚ್ಚಿ, ಕೆಲವೊಮ್ಮೆ ಸ್ನಾಯುವಿನೊಳಗೇ ಮೂಳೆಯಂಥ ಗಡ್ಡೆ ಬೆಳೆದು ಕೀಲು ಮಡಚಲಾಗದಂತೆ ಬಿಗಿಯಾಗುವುದು ಮೂಳೆತಜ್ಞರಿಗೆಲ್ಲ ಚಿರಪರಿಚಿತ. ಹೊಸ ಪೆಟ್ಟಿಗೆ ಮಾಲೀಶು ಕೂಡದು. ಕೈಯಾದರೂ ಅಷ್ಟೇ, ರೋಲರ್ ಆದರೂ ಅಷ್ಟೇ, ಗನ್ ಆದರೂ ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ನಾವು ತಡೆಗಿಂತ ಉಪಶಮನವನ್ನೇ ಏಕೆ ಆರಿಸಿಕೊಳ್ಳುತ್ತೇವೆ? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಉತ್ತರ ಕಷ್ಟದ್ದಲ್ಲ. ಪದಕದ ಲಾಭ ಈ ವರ್ಷ ಸಿಗುತ್ತದೆ. ಗಾಯದ ಬೆಲೆಯನ್ನು ಇಪ್ಪತ್ತು ವರ್ಷ ತೆರಬೇಕಾಗುತ್ತದೆ. ಲಾಭ ಹಂಚಿಕೊಳ್ಳಲು ತರಬೇತುದಾರ, ಶಾಲೆ, ಪೋಷಕ ಎಲ್ಲರೂ ಇದ್ದಾರೆ. ವೃತ್ತಿಶಿಕ್ಷಣದ ಕ್ರೀಡಾ ಕೋಟಾದ ಆಸೆಯೂ ಇದಕ್ಕೆ ಸೇರಿಕೊಂಡಿರುತ್ತದೆ. ಬೆಲೆ ತೆರುವುದು ಮಾತ್ರ ಆ ಮಗು ಒಂದೇ. ಲಾಭ ಪಡೆಯುವವನು ನಷ್ಟದ ಭಾರ ಹೊರದೆ ಇರುವ ಎಲ್ಲ ವ್ಯವಹಾರಗಳಲ್ಲೂ ಆಗುವಂತೆ ಇಲ್ಲಿಯೂ ಹೊರೆ ಮಿತಿ ಮೀರುತ್ತದೆ. ದಾವಣಗೆರೆಯಲ್ಲೇ ಹುಟ್ಟಿದ ಆರ್. ವಿನಯ್ ಕುಮಾರ್ ಮಧ್ಯಮ ವೇಗದ ಬೌಲಿಂಗ್‌ನಂಥ ಮೈ ಸವೆಸುವ ಕೆಲಸದಲ್ಲಿ ಹದಿನೈದು ವರ್ಷಗಳಿಗೂ ಮೀರಿ ಉಳಿದು, ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದರು. 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕರಾದರು. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಮೈದಾನದಿಂದ ದೂರ ಉಳಿಯಬೇಕಾಯಿತು. ಒಳ್ಳೆಯ ಚಿಕಿತ್ಸೆ ದೊರೆತು ಮರಳಿ ಬಂದರು. ಭಾರತ ತಂಡದ ಆಟಗಾರನಿಗೆ ಸಿಗುವ ಚಿಕಿತ್ಸೆ ತಾಲ್ಲೂಕು ಮಟ್ಟದ ಹುಡುಗನಿಗೆ ಸಿಗುವುದಿಲ್ಲ. ಅವನ ಭುಜ ಹೋದರೆ ಆಟವೂ ಹೋಯಿತು. ಮುಂದೆ ಕೂಲಿಗೋ ಕಾರ್ಖಾನೆಗೋ ಹೋಗುವಾಗ ದುಡಿಮೆಯ ಶಕ್ತಿಯಲ್ಲೂ ಒಂದು ಪಾಲು ಹೋಯಿತು.

ಸರ್ಕಾರದ ಹಣ ಎತ್ತ ಹರಿಯುತ್ತದೆ ಎಂಬುದೂ ಇದಕ್ಕೆ ಸಂಬಂಧಿಸಿದ ವಿಷಯ. 2025-26ರ ಕೇಂದ್ರ ಬಜೆಟ್ 'ಖೇಲೋ ಇಂಡಿಯಾ' ಯೋಜನೆಗೆ 1,000 ಕೋಟಿ ರೂಪಾಯಿ ತೆಗೆದಿರಿಸಿತು. ಹಣ ಇಲ್ಲವೇ ಇಲ್ಲ ಎನ್ನುವ ಕಾಲ ಇದಲ್ಲ. ಆದರೆ ಸರ್ಕಾರಿ ಕಡತಗಳ ನಡುವೆ ಬದುಕು ಕಳೆದವರಿಗೆಲ್ಲ ಒಂದು ಸತ್ಯ ಗೊತ್ತು. ಕಟ್ಟಡಕ್ಕೆ ಮಂಜೂರಾತಿ ದೊರೆಯುವುದು ಸುಲಭ. ಅದರಲ್ಲಿ ದುಡಿಯುವ ಮನುಷ್ಯನ ಸಂಬಳಕ್ಕೆ ಕಷ್ಟ. ಕ್ರೀಡಾಂಗಣಕ್ಕೆ ಶಂಕುಸ್ಥಾಪನೆಯ ಕಲ್ಲು ನೆಡಬಹುದು. ಫಿಜಿಯೋಥೆರಪಿಸ್ಟರ ಹುದ್ದೆಗೆ ಕಲ್ಲು ನೆಡಲಾಗದು, ನಾಡಾ ಕತ್ತರಿಸಲಾಗದು. ಅದು ವರ್ಷವರ್ಷವೂ ಹೊರಬೇಕಾದ ವೆಚ್ಚ. ಆದ್ದರಿಂದಲೇ ಕ್ರೀಡಾ ಸಲಕರಣೆಗಳ ಪಟ್ಟಿಯಲ್ಲಿ ರೋಲರುಗಳೂ ಯಂತ್ರಗಳೂ ಸೇರುವ ಸಾಧ್ಯತೆ ಹೆಚ್ಚು. ಅವನ್ನು ಯಾವ ಮಗುವಿಗೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂದು ಹೇಳಬಲ್ಲ ವ್ಯಕ್ತಿ ಸೇರುವ ಸಾಧ್ಯತೆ ಕಡಿಮೆ.

ಆ ವ್ಯಕ್ತಿ ಯಾರಾಗಿರಬೇಕು ಎಂಬುದು ಮುಂದಿನ ಪ್ರಶ್ನೆ. ಚಿಕಿತ್ಸೆಯ ಗುಣಮಟ್ಟವನ್ನು ಕೊಳ್ಳುವವನು ಅಳೆಯಲಾರದ ಮಾರುಕಟ್ಟೆ ಇದು. ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದವನಿಗೂ ವರ್ಷಗಟ್ಟಲೆ ಅಂಗರಚನಾಶಾಸ್ತ್ರ ಓದಿದವನಿಗೂ ಇರುವ ಅಂತರ ಪೋಷಕರಿಗೆ ಹೊರನೋಟಕ್ಕೆ ತಿಳಿಯದು. ಇಂಥ ಕಡೆ ಕಾನೂನು ನೆರವಿಗೆ ಬರಬೇಕು. ಸಂಸತ್ತು 2021ರಲ್ಲಿ ಅಂಗೀಕರಿಸಿದ ವೈದ್ಯಕೀಯ ಪೂರಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಫಿಜಿಯೋಥೆರಪಿಯನ್ನೂ ತನ್ನ ವ್ಯಾಪ್ತಿಗೆ ತಂದು, ಶಿಕ್ಷಣದ ಗುಣಮಟ್ಟಕ್ಕೂ ವೃತ್ತಿಪರರ ನೋಂದಣಿಗೂ ಚೌಕಟ್ಟು ಹಾಕಿದೆ. ಮಕ್ಕಳ ಕ್ರೀಡಾ ಶಿಬಿರ ನಡೆಸುವ ಪ್ರತಿಯೊಂದು ಸಂಸ್ಥೆಯೂ ತನ್ನಲ್ಲಿ ಮೈ ಮುಟ್ಟಿ ಚಿಕಿತ್ಸೆ ನೀಡುವವರ ಅರ್ಹತೆಯನ್ನು ಗೋಡೆಯ ಮೇಲೆ ಪ್ರಕಟಿಸುವಂತಾಗಬೇಕು.

ಮೈ ಮುಟ್ಟುವ ಮಾತು ಬಂದಾಗ ಇನ್ನೂ ಗಂಭೀರವಾದ ಸಂಗತಿಯೊಂದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ಜಿಮ್ನಾಸ್ಟಿಕ್ಸ್ ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿಯೇ ವರ್ಷಗಟ್ಟಲೆ ಎಳೆಯ ಕ್ರೀಡಾಪಟುಗಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಮಂದಿ ನ್ಯಾಯಾಲಯದಲ್ಲಿ ನಿಂತು ತಮ್ಮ ನೋವನ್ನು ಹೇಳಿಕೊಂಡರು. ಅವನಿಗೆ 40ರಿಂದ 175 ವರ್ಷಗಳ ಸೆರೆವಾಸ ವಿಧಿಸಲಾಯಿತು. ಬಹುತೇಕರು ಮೊದಲೇ ದೂರು ಹೇಳದಿದ್ದುದಕ್ಕೆ ಕಾರಣ, ಅದು ಚಿಕಿತ್ಸೆಯೇ ಇರಬೇಕೆಂದು ಅವರನ್ನು ನಂಬಿಸಲಾಗಿತ್ತು. ನಮ್ಮಲ್ಲಿಯೂ 2023ರ ಜನವರಿಯಲ್ಲಿ ದೇಶದ ಪ್ರಮುಖ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತರು. ಮಾಲೀಶು ಮಾಡುವ ಪ್ರತಿಯೊಬ್ಬರನ್ನೂ ಸಂದೇಹದಿಂದ ಕಾಣಬೇಕೆಂದು ಇದರ ಅರ್ಥವಲ್ಲ. ಪ್ರಾಮಾಣಿಕರ ಗೌರವವನ್ನು ಕಾಯುವುದೂ ನಿಯಮವೇ. ಮುಚ್ಚಿದ ಕೋಣೆಯಲ್ಲಿ ಚಿಕಿತ್ಸೆ ಕೂಡದು. ಇನ್ನೊಬ್ಬ ಹಿರಿಯರು ಜೊತೆಯಲ್ಲಿರಬೇಕು. ಪೋಷಕರ ಒಪ್ಪಿಗೆ ಬರಹದಲ್ಲಿರಬೇಕು. 'ಬೇಡ' ಎಂದ ಮಗುವಿನ ಮಾತಿಗೆ ಕಾರಣ ಕೇಳದೆ ಬೆಲೆ ಕೊಡಬೇಕು. 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದೂ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಂತೆ ಸ್ವತಃ ಅಪರಾಧ ಎಂಬುದನ್ನು ಪ್ರತಿಯೊಬ್ಬ ತರಬೇತುದಾರನೂ ಅರಿತಿರಬೇಕು.

ಹಾಗಾದರೆ ಮಾಡಬೇಕಾದದ್ದೇನು? ದಾವಣಗೆರೆ ಮತ್ತು ಹರಿಹರಗಳ ಮಟ್ಟಿಗೆ ಉತ್ತರ ದುಬಾರಿಯದ್ದಲ್ಲ. ಎರಡೂ ಊರುಗಳ ನಡುವೆ ಇರುವುದು ಹದಿನೈದು ಕಿಲೋಮೀಟರಿನಷ್ಟು ದಾರಿ. ವಾರದ ಕೆಲವು ದಿನ ದಾವಣಗೆರೆಯ ಕ್ರೀಡಾ ನಿಲಯ ಹಾಗೂ ಜಿಲ್ಲಾ ಕ್ರೀಡಾಂಗಣದಲ್ಲಿ, ಉಳಿದ ದಿನ ಹರಿಹರದಲ್ಲಿ ಕೆಲಸ ಮಾಡುವ ಒಬ್ಬ ಅರ್ಹ ಫಿಜಿಯೋಥೆರಪಿಸ್ಟರನ್ನು ಖಾಯಂ ಆಗಿ ನೇಮಿಸುವುದು ಮೊದಲ ಹೆಜ್ಜೆ. ಹೆಣ್ಣುಮಕ್ಕಳಿಗಾಗಿ ಮಹಿಳಾ ಫಿಜಿಯೋಥೆರಪಿಸ್ಟರ ಸೇವೆಯೂ ದೊರೆಯಬೇಕು. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸೇರಿದಂತೆ ಎರಡು ವೈದ್ಯಕೀಯ ಕಾಲೇಜುಗಳಿರುವ ನಗರ ಇದು. ತಿಂಗಳಿಗೊಮ್ಮೆ ಮೂಳೆತಜ್ಞರ ತಂಡವೊಂದು ಮೈದಾನಕ್ಕೆ ಬಂದು ಮಕ್ಕಳನ್ನು ಪರೀಕ್ಷಿಸುವಂತೆ ಜಿಲ್ಲಾಡಳಿತ ಕೇಳಿದರೆ ಆ ಕಾಲೇಜುಗಳು ಇಲ್ಲವೆನ್ನಲಾರವು. ಮೂರನೆಯದು, ಪ್ರತಿ ಶಾಲೆ ಮತ್ತು ಶಿಬಿರದಲ್ಲಿ ಒಂದು ಗಾಯದ ದಾಖಲೆಪುಸ್ತಕ. ಯಾವ ಮಗು, ಯಾವ ಆಟ, ಎಲ್ಲಿ ನೋವು, ಎಷ್ಟು ದಿನ ಆಟ ತಪ್ಪಿತು ಎಂಬ ನಾಲ್ಕೇ ಕಾಲಂ ಸಾಕು. ವರ್ಷದ ಕೊನೆಯಲ್ಲಿ ಅದನ್ನು ಕೂಡಿಸಿ ನೋಡಿದರೆ ಯಾವ ಮೈದಾನ, ಯಾವ ತಿಂಗಳು, ಯಾವ ಅಭ್ಯಾಸ ಮಕ್ಕಳನ್ನು ಕೆಡವುತ್ತಿದೆ ಎಂಬುದು ತಾನೇ ಹೊರಬೀಳುತ್ತದೆ. ನಾಲ್ಕನೆಯದು, ದೈಹಿಕ ಶಿಕ್ಷಣ ಶಿಕ್ಷಕರಿಗೂ ಗರಡಿಯ ವಸ್ತಾದರಿಗೂ ಆ 20 ನಿಮಿಷಗಳ ಅಭ್ಯಾಸಕ್ರಮದ ತರಬೇತಿ. ವಸ್ತಾದರನ್ನು ಹೊರಗಿಟ್ಟು ಈ ಊರಿನಲ್ಲಿ ಯಾವ ಸುಧಾರಣೆಯೂ ನಿಲ್ಲಲಾರದು. ಮೈಯನ್ನು ಓದಬಲ್ಲ ಅವರ ಕಣ್ಣಿಗೆ ವಿಜ್ಞಾನದ ಕನ್ನಡಕ ಸೇರಿದರೆ ಇಬ್ಬರಿಗೂ ಲಾಭ.

ಇವೆಲ್ಲ ಆದ ಮೇಲೆ ಫೋಮ್ ರೋಲರ್ ಬರಲಿ, ಎಣ್ಣೆಯ ಮಾಲೀಶೂ ಇರಲಿ. ಕಠಿಣ ಅಭ್ಯಾಸದ ಮರುದಿನ ಬಿಗಿದ ತೊಡೆಗೆ ಅದು ಕೊಡುವ ನೆಮ್ಮದಿಯನ್ನು ಯಾರೂ ಕಸಿಯಬೇಕಾಗಿಲ್ಲ. ಪೋಷಕರು ನೆನಪಿಡಬೇಕಾದದ್ದು ಇಷ್ಟೇ: ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಮೂಳೆಯ ಒಂದೇ ಜಾಗದಲ್ಲಿ ನಿಲ್ಲುವ ನೋವು, ಊತ, ಕುಂಟುವಿಕೆ, ಜೋಮು ಇವುಗಳಲ್ಲಿ ಒಂದು ಕಂಡರೂ ಉಜ್ಜುವುದನ್ನು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಎರಡು ವಾರ ಆಟ ತಪ್ಪಿದರೆ ಒಂದು ಪಂದ್ಯ ಹೋದೀತು. ತಪ್ಪಿಸದಿದ್ದರೆ ಹೋಗುವುದು ಅದಕ್ಕಿಂತ ದೊಡ್ಡದು. ಒಂದು ನಗರ ತನ್ನ ಮಕ್ಕಳನ್ನು ಹೇಗೆ ಕಾಣುತ್ತದೆ ಎಂಬುದನ್ನು ಅವರು ಗೆದ್ದು ತಂದ ಪದಕಗಳ ಲೆಕ್ಕ ಹೇಳುವುದಿಲ್ಲ. ಹದಿನೆಂಟು ತುಂಬಿದಾಗ ಅವರಲ್ಲಿ ಎಷ್ಟು ಮಂದಿ ಇನ್ನೂ ನೋವಿಲ್ಲದೆ ಓಡಬಲ್ಲರು ಎಂಬ ಲೆಕ್ಕ ಹೇಳುತ್ತದೆ. ಆ ಲೆಕ್ಕವನ್ನು ಇಡಲು ನಾವು ಇನ್ನೂ ಆರಂಭಿಸಬೇಕಾಗಿದೆ.